ಕೊಟ್ರ ವಾಚು ಕಟ್ಟಿದ ಕತೆ

ಕೂತವರು ಕೂತಲ್ಲೇ ಕೇಳ್ರಪ್ಪ. ಕೈಗೆ ವಾಚು ಕಟ್ಟಿದವರು ಮಾತ್ರ ಅದನ್ನ ಬಿಚ್ಚಿ ಜೇಬಿಗೆ ಹಾಕ್ಕೊಂಡು ಕೇಳ್ರಿ. ಯಾಕೆ ಅಂತ ಕೊನೆಗೆ ನಿಮಗೇ ಗೊತ್ತಾಗುತ್ತೆ.

ದಾವಣಗೆರೆಯ ಮಂಡಕ್ಕಿ ಭಟ್ಟಿ ಓಣಿಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಬಿಸಿ ಮರಳಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡೋದು ಅವಳ ಕಸುಬು. ಅವಳಿಗೆ ಒಬ್ಬನೇ ಮಗ, ಕೊಟ್ರ. ಮೈ ನೋಡಿದರೆ ತುಂಬಿದ ಮಂಡಕ್ಕಿ ಚೀಲ. ಕೆಲಸ ಏನು ಅಂದರೆ ಉಣ್ಣೋದು, ಮಲಗೋದು. ಬುದ್ಧಿ ಎಷ್ಟು ಅಂದರೆ, ಅದನ್ನ ಮಾತ್ರ ಕೇಳಬೇಡಿ. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಹೆಚ್ಚಿಲ್ಲ, ಕಮ್ಮಿ ಇಲ್ಲ. "ಹಾಲು ಉಕ್ಕಿದ ಮೇಲೆ ಹೇಳೋ" ಅಂದರೆ, ಹಾಲೆಲ್ಲ ಉಕ್ಕಿ ಒಲೆ ಆರಿದ ಮೇಲೆ, "ಅವ್ವಾ, ಉಕ್ಕಿತು!" ಅಂತ ಕೂಗೋನು.

"ಅಯ್ಯೋ ಶಿವನೇ, ಇಂಥವನಿಗೆ ಯಾರು ಹೆಣ್ಣು ಕೊಡ್ತಾರೆ!" ಅಂತ ಹಾಲಮ್ಮ ದಿನಕ್ಕೆ ಮೂರು ಸಲ ಹಣೆ ಬಡ್ಕೊಳ್ಳೋಳು.

ಕೊಡೋದಕ್ಕೆ ಒಬ್ಬಳೇ ಹುಡುಗಿ ಇದ್ದಳು. ಹಾಲಮ್ಮನ ಅಣ್ಣ ಪೈಲ್ವಾನ್ ಮುರಿಗೆಪ್ಪನ ಮಗಳು, ವಿಶಾಲಿ. ವಿಚಿತ್ರ ಅಂದರೆ ಆ ಹುಡುಗಿಗೆ ಕೊಟ್ರನೇ ಬೇಕು. "ಹೇಳಿದ ಮಾತು ಕೇಳೋ ಗಂಡಸು ಇಡೀ ಊರಲ್ಲಿ ಅವನೊಬ್ಬನೇ ಅಪ್ಪಾ" ಅನ್ನೋಳು. ನನ್ನ ಕೇಳಿದರೆ ಆ ಹುಡುಗಿ ಬಲು ಜಾಣೆ.

ಆದರೆ ಮುರಿಗೆಪ್ಪ ಒಪ್ಪಬೇಕಲ್ಲ! ಅವನು ಹಳೇ ಕುಸ್ತಿಯವನು. ಬೆಳಗ್ಗೆ ಈಜುಕೊಳ, ಸಂಜೆ ಗರಡಿಮನೆ. ಗರಡಿಗೇ ಕನ್ನಡಿ ಬಡಿಸಿ, 'ಜಿಮ್' ಅಂತ ಬೋರ್ಡು ಹಾಕಿದ್ದ. ಮೀಸೆ ತಿರುವಿ ಹೇಳಿಬಿಟ್ಟ:

"ನೋಡು ಹಾಲಿ, ಮೈ ಬಗ್ಗಿಸದ ಗಂಡಿಗೆ ನಾ ಮಗಳನ್ನ ಕೊಡಂಗಿಲ್ಲ. ನಿನ್ನ ಮಗ ಕಣ್ಣೆದುರಿಗಿದ್ದರೆ ನಡೀತಾನೆ, ಮರೆಯಾದರೆ ಮಲಗ್ತಾನೆ. ಅದಕ್ಕೇ ಅವನ ಕೈಗೊಂದು ಸ್ಮಾರ್ಟ್‌ವಾಚು ಇರಲಿ. ಈಜಿಗೂ ಬರಬೇಕು, ಜಿಮ್ಮಿಗೂ ಬರಬೇಕು, ದಿನಾ ಹೆಜ್ಜೆ ಎಣಿಸೋದಕ್ಕೂ ಬರಬೇಕು. ಅಂಥದ್ದನ್ನ ಅವನೇ ಆರಿಸಿ ತರಲಿ. ಯುಗಾದಿಗೆ ವಾಚು ನೋಡ್ತೀನಿ. ಸರಿ ಕಂಡರೆ ವಿಶಾಲಿ ನಿಮ್ಮನೆ ಸೊಸೆ. ಇಲ್ಲಾಂದ್ರೆ ರಾಣೆಬೆನ್ನೂರಿನ ಗಂಡು ಕಾಯ್ತಾ ಕೂತೈತೆ!"

ಹಾಲಮ್ಮ ಮಗನ ಕೈಗೆ ದುಡ್ಡು ಕೊಟ್ಟಳು. ಬುದ್ಧಿನೂ ಕೊಟ್ಟಳು. "ಕೊಟ್ರಾ, ಈಜೋ ವಾಚು ಅಂದರೆ ನೀರಿಗೆ ತಡೀಬೇಕು. ನೀರಲ್ಲಿ ಹಾಕಿ ನೋಡಿ ಆರಿಸಪ್ಪ."

"ಆತು ಬಿಡವ್ವ, ಹಂಗೇ ಮಾಡ್ತೀನಿ!"

ಮಾಡಿದ ನೋಡ್ರಿ. ಅಂಗಡಿಯವನು ಮೇಜಿನ ಮೇಲೆ ಆರು ವಾಚು ಜೋಡಿಸಿ ಇಟ್ಟ. "ಇದರಲ್ಲಿ ಹಾಡು ಬರುತ್ತೆ, ಇದರಲ್ಲಿ ನಿದ್ದೆ ಲೆಕ್ಕ ಬರುತ್ತೆ, ಇದು ನೋಡೋಕೆ ಚೆಂದ" ಅಂತ ಶುರು ಮಾಡಿದ. ಕೊಟ್ರ ಆರನ್ನೂ ಬಾಚಿಕೊಂಡ. ಬಾಗಿಲ ಪಕ್ಕ ಕುಡಿಯೋ ನೀರಿನ ಕೊಡ ಇತ್ತು. ಬುಳುಬುಳು ಅಂತ ಆರನ್ನೂ ಕೊಡದೊಳಗೆ ಬಿಟ್ಟ!

"ಏಯ್! ಏಯ್! ಏನ್ ಮಾಡ್ತಿದ್ದೀಯೋ!"

"ಆರಿಸ್ತಾ ಇದ್ದೀನ್ರೀ."

ತೆಗೆದು ನೋಡಿದರೆ ಐದು ವಾಚು ಕಣ್ಣು ಮುಚ್ಚಿದ್ದವು. ಒಂದು ಮಾತ್ರ ಪಳಪಳ ಹೊಳೀತಿತ್ತು. "ಇದು ಕೊಡ್ರಿ" ಅಂದ ಕೊಟ್ರ. ಅಂಗಡಿಯವನು ವಾಚು ಕೊಡಲಿಲ್ಲ, ಕೊರಳಪಟ್ಟಿ ಹಿಡಿದ.

ಸುದ್ದಿ ಕೇಳಿ ಹಾಲಮ್ಮ ಓಡಿಬಂದಳು. ಬರುವಾಗ ಭಟ್ಟಿಯಿಂದ ಆಗತಾನೇ ಇಳಿಸಿದ ಬಿಸಿ ಮಂಡಕ್ಕಿ ಒಂದು ಚೀಲ ಹೊತ್ತುಕೊಂಡೇ ಬಂದಳು. ಐದು ವಾಚನ್ನೂ ಅದರಲ್ಲಿ ಹೂತಿಟ್ಟಳು. ಮಂಡಕ್ಕಿ ತೇವ ಕುಡೀತು, ಮಾರನೆ ದಿನ ಐದೂ ಕಣ್ಣು ಬಿಟ್ಟವು. ಅಂಗಡಿಯವನು ಸಮಾಧಾನವಾಗಿ, ಬದುಕಿದ್ದ ಆ ಆರನೇದನ್ನ ಮಾರಿದ.

ದಾರಿಯುದ್ದಕ್ಕೂ ಹಾಲಮ್ಮ ಬೈದಳು. "ಪೆದ್ದಾ! ಪುಣ್ಯಕ್ಕೆ ನಮ್ಮ ಹತ್ರ ಮಂಡಕ್ಕಿ ಇತ್ತು. ನೆನಪಿಟ್ಕೋ, ಏನೇ ಒದ್ದೆಯಾದರೂ ಬಿಸಿ ಮಂಡಕ್ಕೀಲಿ ಹೂಳಬೇಕು!"

"ಆತು ಬಿಡವ್ವ, ಹಂಗೇ ಮಾಡ್ತೀನಿ!"

ಮಾರನೆ ದಿನ ಬೆಳಗ್ಗೆ ಹಾಲಮ್ಮ, "ಈಜುಕೊಳಕ್ಕೆ ಹೋಗಿ ನಾಲ್ಕು ಸುತ್ತು ಕೈಕಾಲು ಬಡಿ. ಹೋಗ್ತಾ ಮಾವನಿಗೆ ಈ ಬಿಸಿ ಮಂಡಕ್ಕಿ ಒಯ್ಯಿ" ಅಂತ ಚೀಲ ಹೊರಿಸಿ ಕಳಿಸಿದಳು. ಕೊಟ್ರ ಹೋದ. ಅದೇ ಹೊತ್ತಿಗೆ ಮುರಿಗೆಪ್ಪ ಕೊಳದಿಂದ ಮೇಲೆ ಬಂದ. ಮೈಯೆಲ್ಲ ನೀರು, ಮೀಸೆಯಿಂದ ನೀರು, ಚಡ್ಡಿಯಿಂದ ನೀರು.

ಕೊಟ್ರನಿಗೆ ಎದೆ ಧಸಕ್ ಅಂತು. "ಅಯ್ಯಯ್ಯೋ, ಮಾವ ಒದ್ದೆಯಾಗಿಬಿಟ್ಟ!"

ಚೀಲದ ಬಾಯಿ ಬಿಚ್ಚಿದ. ಮಾವನ ನೆತ್ತಿ ಮೇಲೆ ಬೋರಲು ಹಾಕಿದ. ಸುರ್ರಂತ ಸುರೀತು ನೋಡ್ರಿ ಮಂಡಕ್ಕಿ! ತಲೆಗೆ, ಹುಬ್ಬಿಗೆ, ಮೀಸೆಗೆ, ಎದೆಗೆ, ಎಲ್ಲೆಲ್ಲಿ ಒದ್ದೆಯೋ ಅಲ್ಲಲ್ಲಿ ಅಂಟಿಕೊಂಡಿತು. ಉಳಿದಿದ್ದು ಕೊಳದ ತುಂಬ ತೇಲಿತು. ಈಜ್ತಿದ್ದವರೆಲ್ಲ ಬಾಯಿ ತುಂಬ ಮಂಡಕ್ಕಿ ಉಗುಳಿಕೊಂಡು ದಡ ಸೇರಿದರು.

"ಎಲವೋ!" ಅಂತ ಗುಡುಗಿದ ಮುರಿಗೆಪ್ಪ. "ಇನ್ನು ನನ್ನ ಮೇಲೆ ಈರುಳ್ಳಿ, ಖಾರ ಹಾಕೋದೊಂದೇ ಬಾಕಿ!"

"ತರ್ಲಾ ಮಾವ?" ಅಂದ ಕೊಟ್ರ.

ಮನೇಲಿ ಹಾಲಮ್ಮ ಕೋಲು ತಗೊಂಡಳು. "ಹೆಣ್ಣು ಕೊಡೋ ಮಾವನ ತಲೆ ಮೇಲೆ ಮಂಡಕ್ಕಿ ಸುರೀತಾರೇನಲೇ, ದಡ್ಡ ಮುಂಡೇದೇ! ಒದ್ದೆ ಮೈ ಕಂಡರೆ ಟವೆಲ್ ತಗೊಂಡು ಒರೆಸಬೇಕು! ಸಂದುಗೊಂದೂ ಬಿಡದಂಗೆ ತಿಕ್ಕಿ ತಿಕ್ಕಿ ಒರೆಸಬೇಕು!"

"ಆತು ಬಿಡವ್ವ, ಹಂಗೇ ಮಾಡ್ತೀನಿ!"

ಸಂಜೆ ಜಿಮ್ಮಿಗೆ ಹೋದ. ಹೆಗಲ ಮೇಲೆ ಟವೆಲ್, ಕೈಯಲ್ಲಿ ವಾಚು. ಅಲ್ಲಿ ನೋಡಿದರೆ ಎಲ್ಲರೂ ಬೆವೆತು ತೊಪ್ಪೆಯಾಗಿದ್ದಾರೆ! ನಡುಮಧ್ಯೆ ಒಬ್ಬ ದಾಂಡಿಗ ದೊಡ್ಡ ಕಬ್ಬಿಣದ ಬಾರು ತಲೆ ಮೇಲಕ್ಕೆ ಎತ್ತಿ ಹಿಡಿದು ನಡುಗ್ತಾ ನಿಂತಿದ್ದ. ಎರಡೂ ಕಂಕುಳಲ್ಲಿ ಬೆವರು ಇಳೀತಿತ್ತು.

ಸಂದುಗೊಂದೂ ಬಿಡಬಾರದು ಅಂದಿದ್ದಳಲ್ಲ ಅವ್ವ? ಕೊಟ್ರ ಹತ್ತಿರ ಹೋದ. ಟವೆಲ್ ಸುತ್ತಿದ ಕೈಯನ್ನ ಕಂಕುಳಿಗೆ ಹಾಕಿ ತಿಕ್ಕೋಕೆ ಶುರು ಮಾಡಿದ.

"ಹಿಹ್ಹಿ! ಬಿಡಲೇ! ಹಿಹ್ಹಿಹ್ಹಿ! ಬಿಡಲೇ, ಕಚಗುಳಿ!"

"ತಡೀರಣ್ಣ, ಇನ್ನೊಂದು ಕಂಕುಳ ಐತೆ."

ದಬ್ಬ್! ಬಾರು ಬಿತ್ತು. ಉರುಳಿತು. ಉರುಳಿ ಉರುಳಿ ಹೋಗಿ ಮುರಿಗೆಪ್ಪನ ಹೊಸ ಕನ್ನಡಿಗೆ ಗುದ್ದಿತು. ಫಳಾರ್!

ಮುರಿಗೆಪ್ಪ ಕೊಟ್ರನ ಕಿವಿ ಹಿಡಿದು ಭಟ್ಟಿ ಓಣಿಗೆ ಎಳೆದು ತಂದ. "ಹಾಲಿ, ತಗೋ ನಿನ್ನ ಮಾಣಿಕ್ಯ! ನನ್ನ ಕೊಳಕ್ಕೆ ಬರಬೇಡ, ನನ್ನ ಜಿಮ್ಮಿಗೆ ಬರಬೇಡ! ವಾಚಿನಲ್ಲಿ ದಿನಕ್ಕೆ ಹತ್ತು ಸಾವಿರ ಹೆಜ್ಜೆ ತೋರಿಸಿದರೆ ಸಾಕು, ಅಷ್ಟರ ಮೇಲೆ ಮಾತಾಡೋಣ!"

ಅಣ್ಣ ಅತ್ತ ಹೋದ. ಹಾಲಮ್ಮ ಇತ್ತ ಅತ್ತಳು. "ಕೇಳಿದೆಯೇನೋ? ಯಾರ ಮೈನೂ ಒರೆಸಬೇಡ. ವಾಚಿಗೆ ಹತ್ತು ಸಾವಿರ ಹೆಜ್ಜೆ ತುಂಬಿಸಿ ತಂದು ಮಾವನಿಗೆ ತೋರಿಸು, ಅಷ್ಟೇ ನಿನ್ನ ಕೆಲಸ!"

"ಆತು ಬಿಡವ್ವ, ಹಂಗೇ ಮಾಡ್ತೀನಿ!"

ಕೊಟ್ರ ಕೂತು ಯೋಚನೆ ಮಾಡಿದ. ನನಗೆ ಇರೋದು ಎರಡು ಕಾಲು. ಪಕ್ಕದ ಮನೆ ಎಮ್ಮೆಗೆ ನಾಲ್ಕು. ತುಂಬಿಸೋದೇ ಕೆಲಸ ಆದರೆ ನಾಲ್ಕು ಕಾಲಿಗೆ ಬೇಗ ತುಂಬುತ್ತಲ್ಲ! ಹಗ್ಗ ತಗೊಂಡು ಎಮ್ಮೆಯ ಮುಂಗಾಲಿಗೆ ವಾಚು ಬಿಗಿದ. ತಾನು ಬೇವಿನ ಮರದ ಕೆಳಗೆ ಕಾಲು ಚಾಚಿದ. ಎಮ್ಮೆ ಮೇಯೋಕೆ ಹೋಯ್ತು, ಮಧ್ಯಾಹ್ನ ಕೆರೆಗೆ ಇಳೀತು, ಸಂಜೆ ನಾಯಿ ಅಟ್ಟಿಸಿದ್ದಕ್ಕೆ ಬಾಲ ಎತ್ತಿಕೊಂಡು ಓಡಿಬಂತು.

ಕೊಟ್ರ ವಾಚು ಬಿಚ್ಚಿಕೊಂಡು ಮಾವನ ಮನೆಗೆ ಹೋದ. ಮಾವ ವಾಚು ನೋಡಿದ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದ. ಹೆಜ್ಜೆ ಹದಿನೆಂಟು ಸಾವಿರ! ಈಜು ಮೂರು ಗಂಟೆ! ಕೊನೆಗೆ ಒಂದು ಮೈಲಿ ಓಟ!

"ಭಲೇ ಅಳಿಯ!" ಅಂತ ಬೆನ್ನು ತಟ್ಟಿದ. "ವಿಶಾಲೀ, ಬಾರಮ್ಮ ಇಲ್ಲಿ! ಮೂರು ಗಂಟೆ ಈಜು ನನ್ನ ಕೈಲೂ ಆಗಲ್ಲ! ಬೆಳಗ್ಗೆ ಏನು ತಿಂದಿದ್ದೆಯೋ, ಹೇಳಪ್ಪ!"

"ಹಿಂಡಿ, ಬೂಸಾ" ಅಂದ ಕೊಟ್ರ.

"ಏನಂದೆ?"

"ಆಮೇಲೆ ಒಂದಿಷ್ಟು ಹಸಿ ಹುಲ್ಲು. ಸಂಜೆ ಎರಡು ಲೀಟರ್ ಹಾಲು ಕೊಡ್ತು ಮಾವ."

ವಿಶಾಲಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಮುರಿಗೆಪ್ಪ, "ಹಂಗಾದ್ರೆ ಆ ಎಮ್ಮೆಗೇ ಮಗಳನ್ನ ಕೊಡ್ತೀನಿ, ಹೋಗು!" ಅಂತ ಬಾಗಿಲು ಹಾಕಿಕೊಂಡ. ಒಳಗಿನಿಂದಲೇ ಕೂಗಿದ: "ಯುಗಾದಿಗೆ ಇನ್ನೊಂದು ತಿಂಗಳು! ಅದೇ ಕೊನೆ!"

ಆವತ್ತು ಹಾಲಮ್ಮ ಬೈಯಲಿಲ್ಲ. ಮಗನ ಮುಂದೆ ಕೂತು, ಅವನ ಎರಡೂ ಕೈ ಹಿಡಕೊಂಡು, ಬಿಕ್ಕಿ ಬಿಕ್ಕಿ ಹೇಳಿದಳು. "ಕೊಟ್ರಾ, ನಾ ಇವತ್ತಿರ್ತೀನಿ, ನಾಳೆ ಇರಲ್ಲ. ಆಮೇಲೆ ನಿನಗೆ ಯಾರು ಹೇಳಿಕೊಡ್ತಾರೋ? ಕಟ್ಟೋದು ಏನಿದ್ದರೂ ನಿನ್ನ ಕೈಗೇ ಕಟ್ಕೋ ನನ್ನಪ್ಪ! ಯಾರೇ ಕೊಡಲಿ, ಏನೇ ಕೊಡಲಿ, ಬೇರೆ ಯಾರಿಗೂ ಕಟ್ಟಬೇಡ! ಬಿಚ್ಚಿ ಹೋಗದಂಗೆ ಗಟ್ಟಿಯಾಗಿ, ನಿನ್ನ ಕೈಗೇ!"

"ಅಳಬೇಡವ್ವ, ಹಂಗೇ ಮಾಡ್ತೀನಿ!"

ಮಾರನೆ ದಿನದಿಂದ ವಾಚು ಅವನ ಕೈಯಲ್ಲೇ. ಕೊಳಕ್ಕೆ ಹೋಗಂಗಿಲ್ಲ, ಜಿಮ್ಮಿಗೆ ಹೋಗಂಗಿಲ್ಲ. ಎಲ್ಲಿಗೆ ಹೋಗಬೇಕು? ಅವ್ವನ ಭಟ್ಟಿ ಮುಂದೆ ಕೂತ. ಹಾಲಮ್ಮ, "ಕೂತಿದ್ದೀಯಲ್ಲ, ಒಂದಿಷ್ಟು ಜರಡಿ ಆಡಿಸು. ಸಾಕು ಅನ್ನೋ ತನಕ ನಿಲ್ಲಿಸಬೇಡ" ಅಂದಳು. ಅವಳು ಸಾಕು ಅನ್ನಲಿಲ್ಲ, ಇವನು ನಿಲ್ಲಿಸಲಿಲ್ಲ. ಗರಗರ ಜರಡಿ, ಸರಸರ ಮರಳು. ಕೈ ಒಂದು ಸಲ ಆಡಿದರೆ ವಾಚು ಒಂದು ಹೆಜ್ಜೆ ಅಂತ ಬರಕೊಂತು. ಕೂತಲ್ಲಿಂದ ಏಳದೆ ದಿನಕ್ಕೆ ಇಪ್ಪತ್ತು ಸಾವಿರ ಹೆಜ್ಜೆ ನಡೆದ ನಮ್ಮ ಕೊಟ್ರ!

ಯುಗಾದಿ ಬಂತು, ಮಾವನೂ ಬಂದ. ವಾಚು ನೋಡಿದ. ಎಡಕ್ಕೂ ಬಲಕ್ಕೂ ಎಮ್ಮೆ ಹುಡುಕಿದ. ಎಮ್ಮೆ ಇರಲಿಲ್ಲ.

"ಇಷ್ಟು ಹೆಜ್ಜೆ ಎಲ್ಲಿ ನಡೆದೆಯೋ?"

"ಎಲ್ಲೂ ನಡೀಲಿಲ್ಲ ಮಾವ. ಇಲ್ಲೇ ಕೂತಿದ್ದೆ."

ಮುರಿಗೆಪ್ಪ ಇನ್ನೇನು ಕೈ ಎತ್ತಿದ, ಅಷ್ಟರಲ್ಲಿ ಕೊಟ್ರನ ತೋಳು ಕಣ್ಣಿಗೆ ಬಿತ್ತು. ಮುಟ್ಟಿದ, ಒತ್ತಿದ. ಕಲ್ಲು! ಅಂಗೈ ತಿರುಗಿಸಿದ. ಬೊಬ್ಬೆ ಬಂದು ಒಡೆದು ಗಟ್ಟಿಯಾಗಿತ್ತು. ಮಂಡಕ್ಕಿ ಚೀಲದಂಥ ಹೊಟ್ಟೆ ಎಲ್ಲೂ ಕಾಣಲಿಲ್ಲ.

"ನಡೆದಿಲ್ಲ, ನಿಜ. ಆದರೆ ದುಡಿದಿದ್ದಾನೆ ಹಾಲಿ" ಅಂದ ಮುರಿಗೆಪ್ಪ. "ಹೆಣ್ಣು ನಿಮ್ಮದೇ."

ಮದುವೆ ದಿನ ಬಂತು. ಭಟ್ಟಿ ಓಣಿಗೆ ಓಣಿಯೇ ನೆರೆಯಿತು. ವಾಲಗ ಜೋರಾಯ್ತು. ಮದುವೆ ಮಾಡಿಸೋ ಅಯ್ಯನೋರು ಅರಿಶಿನ ದಾರದ ತಾಳಿಯನ್ನ ಕೊಟ್ರನ ಕೈಗೆ ಕೊಟ್ಟು, "ಹೂಂ, ಕಟ್ಟಪ್ಪಾ!" ಅಂದರು.

ಕೊಟ್ರ ತಾಳಿ ನೋಡಿದ. ಅವ್ವನ್ನ ನೋಡಿದ. ಅವ್ವನ ಕಣ್ಣಲ್ಲಿ ನೀರು. ಪಾಪ, ಆವತ್ತೂ ಹಿಂಗೇ ಅತ್ತಿದ್ದಳು! ಈ ಸಲ ತಪ್ಪಬಾರದು ಅಂದುಕೊಂಡ. ಎಡಗೈ ಚಾಚಿದ. ವಾಚಿನ ಪಕ್ಕದಲ್ಲೇ ತಾಳಿ ಸುತ್ತಿದ. ಬಲಗೈಯಿಂದ ಹಿಡಿದು, ಹಲ್ಲಿನಿಂದ ಎಳೆದು, ಒಂದು ಗಂಟು, ಎರಡು ಗಂಟು, ಮೂರು ಗಂಟು! ಬಿಚ್ಚಿ ಹೋಗದಂಗೆ, ಗಟ್ಟಿಯಾಗಿ, ತನ್ನ ಕೈಗೇ!

ವಾಲಗ ನಿಂತುಹೋಯ್ತು. ಎತ್ತಿದ ಅಕ್ಷತೆ ಎತ್ತಿದ ಕೈಯಲ್ಲೇ ಉಳೀತು.

"ಏನ್ ಮಾಡಿದೆಯೋ ಪಾಪಿ!" ಅಂತ ಹಾಲಮ್ಮ ಕಿರುಚಿದಳು.

"ಬೇರೆ ಯಾರಿಗೂ ಕಟ್ಟಬೇಡ ಅಂದೋಳು ನೀನೇ ಅಲ್ಲೇನವ್ವ?"

"ಕತ್ತರಿ ತನ್ನಿ!" ಅಂದ ಮುರಿಗೆಪ್ಪ. "ಛೆ ಛೆ! ಕಟ್ಟಿದ ತಾಳಿಗೆ ಕತ್ತರಿ ಹಾಕೋದುಂಟಾ!" ಅಂದರು ಅಯ್ಯನೋರು. "ಬಿಚ್ಚಿ!" ಅಂದರೆ ಪೈಲ್ವಾನನ ಉಗುರಿಗೂ ಗಂಟು ಜಗ್ಗಲಿಲ್ಲ. ಮುಹೂರ್ತ ಮೀರ್ತಾ ಬಂತು. ಹೆಣ್ಣಿನ ಕಡೆಯವರು ಎದ್ದು ನಿಂತರು. ಯಾರೋ ರಾಣೆಬೆನ್ನೂರಿನ ಗಂಡಿನ ಹೆಸರೂ ಎತ್ತಿದರು.

ಆಗ ವಿಶಾಲಿ ನಕ್ಕಳು ನೋಡ್ರಿ! ನಕ್ಕು, ಕೊಟ್ರನ ಎಡಗೈ ಹಿಡಿದಳು, ಎತ್ತಿದಳು, ತನ್ನ ಕೊರಳ ಸುತ್ತ ಹಾಕಿಕೊಂಡಳು. "ಈಗ ತಾಳಿ ನನ್ನ ಕೊರಳಲ್ಲೇ ಐತಲ್ಲ, ಅಕ್ಷತೆ ಹಾಕ್ರಿ!"

ಅಯ್ಯನೋರು ತಲೆ ಕೆರೆದುಕೊಂಡರು, "ಇದೂ ಸರಿಯೇ" ಅಂದರು. ವಾಲಗ ಮೊಳಗಿತು, ಅಕ್ಷತೆ ಬಿತ್ತು. ವಾಚು ಟಿಣ್ ಟಿಣ್ ಅಂತು. ಮುರಿಗೆಪ್ಪ ಬಗ್ಗಿ ನೋಡಿದ. "ಎದೆಬಡಿತ ನೂರ ಐವತ್ತು! ನಿಂತಲ್ಲೇ ನೂರ ಐವತ್ತು!" ಅಂತ ಕೂಗಿದ.

ಹಾಲಮ್ಮ ಕಣ್ಣೊರೆಸಿಕೊಳ್ತಾ ಮಗನ ಕಿವಿಯಲ್ಲಿ ಹೇಳಿದಳು. "ಇಷ್ಟಾದರೂ ಕೇಳು. ನಾ ಹೇಳೋ ತನಕ ಆ ಕೈ ತೆಗೀಬೇಡ!"

"ಆತು ಬಿಡವ್ವ, ಹಂಗೇ ಮಾಡ್ತೀನಿ!"

ಅಡುಗೆಯವರು ಕರೆದರು, ಬೀಗರು ಕರೆದರು, ಆ ಗಡಿಬಿಡಿಯಲ್ಲಿ ಹಾಲಮ್ಮ ಹೇಳೋದನ್ನೇ ಮರೆತಳು. ಕೊಟ್ರ ಕೈ ತೆಗೀಲಿಲ್ಲ. ಊಟಕ್ಕೆ ಹಂಗೇ ಕೂತ, ಮೆರವಣಿಗೆಗೆ ಹಂಗೇ ನಡೆದ. ಈಗಲೂ ಭಟ್ಟಿ ಓಣಿಗೆ ಹೋಗಿ ನೋಡ್ರಿ: ಹೆಂಡತಿ ಕೊರಳ ಮೇಲೆ ಎಡಗೈ, ಬಲಗೈಯಲ್ಲಿ ಜರಡಿ. ಹಾಲಮ್ಮನಿಗೆ ಆಮೇಲೆ ನೆನಪಾಗಿ ಹೇಳೋಕೆ ಬಾಯಿ ತೆರೆದಿದ್ದಳಂತೆ. ಆದರೆ ಸೊಸೆ ತುಟಿ ಮೇಲೆ ಬೆರಳಿಟ್ಟು, ಹೇಳಬೇಡ ಅತ್ತೆ, ಅಂತ ಕಣ್ಣಲ್ಲೇ ಸನ್ನೆ ಮಾಡಿದಳಂತೆ. ಅದಕ್ಕೇ ಹೇಳಿದ್ದು ವಾಚು ಬಿಚ್ಚಿ ಜೇಬಿಗೆ ಹಾಕ್ಕೊಳ್ರಿ ಅಂತ, ಕೈಗೆ ಕಟ್ಟಿದ್ದು ಯಾರ ಕೊರಳಿಗೆ ಬೀಳುತ್ತೋ ಹೇಳೋಕಾಗಲ್ಲ!