ಅಮಲ್ದಾರರ ಬೆಟ್ಟದ ಅಂಗಿ

ಊರಿಗೆ ಹೊಸದಾಗಿ ಬಂದ ಅಮಲ್ದಾರರಿಗೆ ಬಿರುಬೇಸಿಗೆಯಲ್ಲಿ ಬೆಟ್ಟ ಹತ್ತುವ ಮನಸ್ಸಾಯಿತು. ದರ್ಜಿ ತುಕ್ಕೋಜಿಯನ್ನು ಕಚೇರಿಗೆ ಕರೆಸಿದರು.

"ನನಗೊಂದು ಅಂಗಿ ಹೊಲಿ. ತೊಟ್ಟದ್ದೇ ಗೊತ್ತಾಗಬಾರದು, ಅಷ್ಟು ಹಗುರ ಇರಬೇಕು. ಮೈಗೆ ಬಿಗಿಯಾಗಿ ಕೂರಬೇಕು. ಆದರೆ ಒಂದು ಸೊಳ್ಳೆಯೂ ಕಚ್ಚಬಾರದು. ಕಚ್ಚಿತೋ, ನಿನ್ನ ಅಂಗಡಿಗೆ ಬೀಗ!"

ತುಕ್ಕೋಜಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ದಪ್ಪ ಬಟ್ಟೆಯಾದರೆ ಸಾಹೇಬರು ಬೆಂದುಹೋಗುತ್ತಾರೆ. ತೆಳು ಬಟ್ಟೆಯನ್ನು ಬಿಗಿಯಾಗಿ ಹೊಲಿದರೆ ಸೊಳ್ಳೆ ಮೇಲಿಂದಲೇ ಚುಚ್ಚುತ್ತದೆ. ಬೇಕಾದದ್ದು ಒತ್ತಾಗಿ ನೇಯ್ದ ತೆಳು ಹತ್ತಿಬಟ್ಟೆ, ಮೈಗೆ ತಾಗದ ದೊಗಳೆ ಹೊಲಿಗೆ. ಆದರೆ ದೊಗಳೆ ಅಂದರೆ ಈ ಮನುಷ್ಯ ಕೇಳಬೇಕಲ್ಲ!

ಅವನು ಕೈಮುಗಿದ. "ಬಿಗಿ ಅಂಗಿ ಗುಮಾಸ್ತರಿಗೆ ಸರಿ ಸ್ವಾಮಿ. ತಮ್ಮಂಥವರ ಅಂಗಿಯಲ್ಲಿ ಅಧಿಕಾರಕ್ಕೂ ಸ್ವಲ್ಪ ಜಾಗ ಬೇಡವೇ?"

ಅಮಲ್ದಾರರು ಮೀಸೆ ತಿರುವಿದರು. "ಒಂದು ಗೇಣು ಹೆಚ್ಚಿಗೇ ಬಿಡು," ಎಂದರು.

ಆ ಬಿಳಿಯ ತುಂಬುತೋಳಿನ ಅಂಗಿ ತೊಟ್ಟು ಸಾಹೇಬರು ಬೆಟ್ಟ ಹತ್ತಿದರು. ಗಾಳಿ ಒಳಗೆಲ್ಲ ಆಡಿತು. ಸೊಳ್ಳೆಗಳು ಬಟ್ಟೆಯ ಮೇಲೆ ಕೂತು, ಮೈ ಸಿಗದೆ ಹಾರಿಹೋದವು. ಆದರೂ ಸಂಜೆ ಇಳಿದವರೇ ನೇರ ಅಂಗಡಿಗೆ ಬಂದು, ಕೆಂಪಗೆ ಊದಿದ ಮೂಗು ತೋರಿಸಿ ಗುಡುಗಿದರು. "ನೋಡಯ್ಯ, ಕಚ್ಚಿದೆ!"

ತುಕ್ಕೋಜಿ ಅಳತೆಪುಸ್ತಕ ತೆರೆದ. "ಎದೆ ಇದೆ, ತೋಳಿದೆ, ಕುತ್ತಿಗೆ ಇದೆ. ಮೂಗಿನ ಅಳತೆ ತಾವು ಕೊಟ್ಟಿರಲೇ ಇಲ್ಲವಲ್ಲ ಸ್ವಾಮಿ!"

ಹಿಂದೆ ನಿಂತಿದ್ದ ಜವಾನ ಕಿಸಕ್ಕೆಂದ. ಅಮಲ್ದಾರರು ಮೂಗು ಮುಟ್ಟಿಕೊಂಡರು. ತಡೆಯಲಾರದೆ ತಾವೂ ನಕ್ಕುಬಿಟ್ಟರು. "ಇಂಥದ್ದೇ ಇನ್ನೆರಡು ಹೊಲಿ," ಎಂದು ಹೊರಟರು. ತುಕ್ಕೋಜಿ ಸ್ಟೂಲಿನ ಮೇಲೆ ಕುಸಿದು ಕೂತು, ನಿರಾಳವಾಗಿ ಉಸಿರುಬಿಟ್ಟ.