ಕೆಂದ ಎತ್ತಿದ ಕಾಲು

ಹುರುಳಿ ಹೊಲಕ್ಕೆ ನುಗ್ಗಿ ಮನಸ್ಸಿಗೆ ಬಂದಂತೆ ಕುಣಿದ ಹೋರಿಗರು ಕೆಂದ, ಅಲ್ಲಿ ನೆಲದ ಗೂಡಿನಲ್ಲಿದ್ದ ಗೌಜಲಹಕ್ಕಿಯ ಮೊಟ್ಟೆಗಳನ್ನೆಲ್ಲ ತುಳಿದುಹಾಕಿದ್ದ. ವಿಚಾರಣೆಗೆ ಮಂದೆಯೆಲ್ಲ ಸೇರಿದಾಗ ಅವನ ಕಾಲುಗಳು ಗಡಗಡ ನಡುಗುತ್ತಿದ್ದವು.

“ಪಟ್ಟಣದಲ್ಲಿ ತುಡುಗು ದನ ಕೂಡಿಹಾಕುವ ದೊಡ್ಡಿಗೆ ಅಟ್ಟಿ ಇವನನ್ನು,” ಎಂದಿತು ಕತ್ತೆ.

“ನನ್ನ ಮಗನನ್ನೂ ಅಲ್ಲಿಗೇ ಅಟ್ಟಿದಿರಿ,” ಎಂದಿತು ಮುದಿ ಎಮ್ಮೆ. “ಬೇಲಿ ಮುರಿಯುವುದನ್ನು ಕಲಿತು ಬಂದ. ಈಗ ನನ್ನನ್ನೇ ಹಾಯಲು ಬರುತ್ತಾನೆ. ಇವನನ್ನು ನನ್ನ ಕೊರಳಿಗೆ ಜೋಡಿ ಕಟ್ಟಿ. ಹಕ್ಕಿ ಮತ್ತೆ ಮೊಟ್ಟೆಯಿಟ್ಟು ಮರಿ ಮಾಡುವ ತನಕ ಗೂಡು ಕಾಯಲಿ. ಏನಮ್ಮ, ಒಪ್ಪುತ್ತೀಯಾ?”

ಹಕ್ಕಿ ಕೆಂದನ ಗೊರಸುಗಳನ್ನು ನೋಡಿತು. “ಒಪ್ಪಿದೆ. ಆದರೆ ಅವನು ನನಗೆ ಬೆನ್ನು ಹಾಕಿ ನಿಲ್ಲಕೂಡದು.”

ದೊಡ್ಡಿ ತಪ್ಪಿತೆಂದು ಕೆಂದನಿಗೆ ಹೋದ ಜೀವ ಬಂದಂತಾಯಿತು. ಹಕ್ಕಿ ಹೊಸ ಮೊಟ್ಟೆಗಳ ಮೇಲೆ ಕಾವಿಗೆ ಕೂತ ದಿನ, ಎಮ್ಮೆಯ ಪಕ್ಕದಲ್ಲಿ ಕಾವಲು ನಿಂತವನು ನೊಣ ಓಡಿಸಲು ಸುಮ್ಮನೆ ಒಂದು ಕಾಲೆತ್ತಿದ. ಹಕ್ಕಿ ಬೆಚ್ಚಿ, ಎರಡೂ ರೆಕ್ಕೆ ಹರಡಿ ಮೊಟ್ಟೆಗಳನ್ನು ಮುಚ್ಚಿತು. ಅದರ ಮೈಯೆಲ್ಲ ನಡುಗುತ್ತಿತ್ತು, ಅಂದು ಮಂದೆಯ ಮುಂದೆ ಕೆಂದ ನಡುಗಿದ ಹಾಗೆಯೇ.

ಎತ್ತಿದ ಕಾಲನ್ನು ಎಲ್ಲಿ ಊರುವುದೆಂದು ಕೆಂದ ಹುಟ್ಟಿದ ಮೇಲೆ ಮೊದಲ ಸಲ ನೆಲ ನೋಡಿದ.