ಕಾಲುವೆಗೆ ಅಡ್ಡ ಮಲಗಿದ ಎಮ್ಮೆ

ಮೇಲೆ ಒಂದು ಜೌಗು ಇತ್ತು, ಕೆಳಗೆ ಒಂದು ಗದ್ದೆ. ಜೌಗಿನ ನೀರನ್ನೆಲ್ಲ ಬಸಿದುಹಾಕಲು ಯಾರೋ ನಡುವೆ ಕಾಲುವೆ ತೋಡಿದ್ದರು. ಜೌಗು ಒಣಗಿತು. ಹೊರಳಾಡಲು ಕೆಸರಿಲ್ಲದೆ ಸಿಟ್ಟಾದ ಎಮ್ಮೆ ಸೀದಾ ಹೋಗಿ ಕಾಲುವೆಗೆ ಅಡ್ಡ ಮಲಗಿತು.

"ಏಳೇ ಎಮ್ಮೆ!" ಗದ್ದೆ ಕಿರುಚಿತು. "ಮಳೆಗಾಲ ಬಂತು. ಜೌಗು ತುಂಬಿದರೆ ನನ್ನ ಸಸಿಗಳೆಲ್ಲ ಮುಳುಗುತ್ತವೆ."

"ಹೋದ ವರ್ಷ ಕಾಲುವೆಗೆ ಯಾರೂ ಅಡ್ಡ ಇರಲಿಲ್ಲವಲ್ಲ, ಸಸಿ ಉಳಿದವಾ?"

"ಅದು... ನೀರು ಒಂದೇ ಸಲ ನುಗ್ಗಿ ಕೊಚ್ಚಿಕೊಂಡು ಹೋಯಿತು."

"ಮತ್ತೆ? ಬಾಯಿ ಮುಚ್ಚಿಕೊಂಡು ನೋಡು ತಾಯಿ."

ಮೂರು ದಿನ ಮಳೆ ಹೊಡೆಯಿತು. ಕಾಲುವೆ ಎಮ್ಮೆಯ ಬೆನ್ನಿಗೆ ಗುದ್ದಿ ಗುದ್ದಿ ಸುಸ್ತಾಯಿತು. ನೀರು ಹಿಂದೆ ಸರಿದು ಜೌಗಿನಲ್ಲೆಲ್ಲ ಹರಡಿತು. ಜೌಗು ಗಟಗಟ ಕುಡಿದು, ಮಿಕ್ಕಿದ್ದನ್ನು ಸ್ವಲ್ಪಸ್ವಲ್ಪವೇ ಕೆಳಗೆ ಬಿಟ್ಟಿತು. ಗದ್ದೆಯ ಒಂದು ಸಸಿಯೂ ಅಲುಗಲಿಲ್ಲ.

ಬಿಸಿಲು ಬಂದಾಗ ಎಮ್ಮೆ ಮೈಮುರಿದು, "ಏಳು ಅಂದಿದ್ದೆಯಲ್ಲ, ಇಗೋ ಎದ್ದೆ," ಎಂದು ಮುಂಗಾಲು ಊರಿತು.

"ಅಯ್ಯೋ, ಏಳಬೇಡ ಅಕ್ಕಾ! ನನ್ನ ಬದುವಿನ ಹುಲ್ಲೆಲ್ಲ ನಿನಗೇ!"

"ಹಾಂ, ಹಾಗೆ ಬಾ ದಾರಿಗೆ," ಎಂದ ಎಮ್ಮೆ, ಬಾಲದಿಂದ ಗದ್ದೆಯ ಮೇಲೆ ಒಂದಿಷ್ಟು ಕೆಸರು ಚಿಮ್ಮಿಸಿ, ಮಹಾರಾಣಿಯಂತೆ ಮತ್ತೆ ಮಲಗಿತು.